ಮೊದಲ ಪ್ರೋಗ್ರಾಮಿಗೆ ಥಾನಿ: ನನ್ನ ಉಪ್ಪಿನಕಾಯಿ ಬಿಲ್ಲಿನ ಅನುಭವ

ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ವಯಸ್ಸು 52. ಬಿಲ್ಲಿನ ಲೆಕ್ಕ ಮಾಡುವ ಪ್ರೋಗ್ರಾಮ್ ನಾನೇ ಬರೆಯಬೇಕು ಅಂತ ಬಹಳ ದಿನದ ಆಸೆ. ಮೊದಲು ಒಂದು ದೊಡ್ಡ ಸಾಫ್ಟ್‌ವೇರ್ ಹಾಕಿಕೊಂಡೆ, ಹೆಸರು ಬೇಡ. ಪೈಥಾನ್ ಅಂದರೆ ಪ್ರೋಗ್ರಾಮ್ ಬರೆಯುವ ಒಂದು ಭಾಷೆ. ಅದನ್ನು ಬೇರೆ ಇಳಿಸಬೇಕು, ಅದು ಎಲ್ಲಿದೆ ಅಂತ ಈ ಸಾಫ್ಟ್‌ವೇರಿಗೆ ತೋರಿಸಬೇಕು. ಎರಡು ಸಂಜೆ ಅದರಲ್ಲೇ ಹೋಯಿತು, ಒಂದು ಸಾಲೂ ಬರೆಯಲಿಲ್ಲ. ಆಮೇಲೆ ಬೆಂಗಳೂರಿನಲ್ಲಿರುವ ಮಗಳು ಥಾನಿ ಹಾಕ್ಕೋ ಅಂದಳು.

ಥಾನಿ ಅಂದರೆ ಪೈಥಾನ್ ಬರೆದು ಓಡಿಸುವ ಸಾಫ್ಟ್‌ವೇರ್. ಹುಟ್ಟಿದ್ದು ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ. ಐವಾರ್ ಅನ್ನಮಾ ಅವರು ಹೊಸದಾಗಿ ಕಲಿಯುವವರಿಗೆಂದೇ ಮಾಡಿದ್ದು. ಪುಕ್ಕಟೆ. ವಿಂಡೋಸಿಗೆ ಸುಮಾರು 20 ಎಂಬಿ, ನಮ್ಮೂರ ನೆಟ್ಟಿನಲ್ಲೂ ಚಾ ಕುದಿಯುವಷ್ಟರಲ್ಲಿ ಇಳಿಯಿತು. ಪೈಥಾನ್ ಅದರೊಳಗೇ ಇದೆ. ಮೇಲೆ ಬರೆಯುವ ಜಾಗ, ಕೆಳಗೆ ಉತ್ತರ ಬರುವ ಜಾಗ. ಎಫ್5 ಒತ್ತಿದರೆ ಓಡುತ್ತದೆ, ಅಷ್ಟೇ.

ನನ್ನ ಪ್ರೋಗ್ರಾಮ್ ಮೂರೇ ಸಾಲು. ಬೆಲೆ ಕೇಳು, ಸಾಗಾಟದ ಖರ್ಚು ಕೇಳು, ಎರಡನ್ನೂ ಕೂಡಿಸಿ ತೋರಿಸು. ತೋರಿಸು ಅನ್ನಲು ಪ್ರಿಂಟ್, ಕೇಳು ಅನ್ನಲು ಇನ್‌ಪುಟ್, ಈ ಪದಗಳು ಇಂಗ್ಲಿಷಿನಲ್ಲೇ ಇರಬೇಕು. ಆದರೆ ಬೆಲೆ, ಸಾಗಾಟ ಅಂತ ನಾನಿಟ್ಟ ಹೆಸರುಗಳನ್ನು ಪೈಥಾನ್ ಕನ್ನಡದಲ್ಲೇ ಒಪ್ಪಿಕೊಂಡಿತು. ಎಷ್ಟು ಖುಷಿಯಾಯಿತು ಗೊತ್ತಾ!

ಓಡಿಸಿದೆ. 350 ಕೊಟ್ಟೆ, 60 ಕೊಟ್ಟೆ. 35060 ಅಂತ ಬಂತು.

ಮಗಳಿಗೆ ಫೋನ್ ಮಾಡಿದೆ. "ಆಯಿ, ವ್ಯೂ ಮೆನುವಿನಲ್ಲಿ ವೇರಿಯಬಲ್ಸ್ ಒತ್ತು. ಅಂಕಿ ಆಚೆ-ಈಚೆ ಎಂತ ಇದ್ದು ನೋಡು" ಅಂದಳು. ಬಲಗಡೆ ಒಂದು ಪಟ್ಟಿ ತೆರೆಯಿತು. ಬೆಲೆಯ ಎದುರು 350, ಅದರ ಎರಡೂ ಬದಿಗೆ ಪುಟ್ಟ ಉದ್ಧರಣ ಚಿಹ್ನೆ. ಅಂದರೆ ಕಂಪ್ಯೂಟರ್ ಅದನ್ನು ಸಂಖ್ಯೆ ಅಂತ ಇಟ್ಟುಕೊಂಡಿಲ್ಲ, ಅಕ್ಷರ ಅಂತ ಇಟ್ಟುಕೊಂಡಿದೆ. ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ಓಡಿಸಿ ನೋಡಲು ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ, ಆಮೇಲೆ ಎಫ್7 ಒತ್ತುತ್ತಾ ಹೋದೆ. ಕೂಡಿಸುವ ಸಾಲಿನ ಮೇಲೆ ಒಂದು ಚೌಕ ಬಂತು. ಅದರೊಳಗೆ ಬೆಲೆ ಎಂಬ ಪದ ಹೋಗಿ '350' ಆಯಿತು. ಸಾಗಾಟ ಹೋಗಿ '60' ಆಯಿತು. ಇನ್ನೊಮ್ಮೆ ಒತ್ತಿದಾಗ ಎರಡೂ ಒಂದಕ್ಕೊಂದು ಅಂಟಿಕೊಂಡವು. ತಪ್ಪು ನನ್ನ ಕಣ್ಣೆದುರೇ ಆಯಿತು. ಥಾನಿ ಯಾಕೆ ಇಷ್ಟವಾಯಿತು ಅಂದರೆ ಇದಕ್ಕೇ. ನಡುವೆ ಏನಾಗುತ್ತಿದೆ ಅಂತ ಬಿಡಿಸಿ ತೋರಿಸದಿದ್ದರೆ, ಇದು ನನ್ನ ತಲೆಗೆ ಹತ್ತುವುದಲ್ಲ ಅಂತ ಅವತ್ತೇ ಮುಚ್ಚಿಡುತ್ತಿದ್ದೆ.

ಇನ್‌ಪುಟ್ ಸುತ್ತ ಇಂಟ್ ಹಾಕಿದೆ, ಅಕ್ಷರವನ್ನು ಪೂರ್ಣ ಸಂಖ್ಯೆ ಮಾಡುವ ಪದ ಅದು. 410 ಬಂತು. ಸುಮ್ನೆ ನೋಡೋಣ ಅಂತ ಕನ್ನಡ ಅಂಕಿಯಲ್ಲಿ ೩೫೦ ಅಂತ ಕೊಟ್ಟೆ, ಅದನ್ನೂ ಓದಿಕೊಂಡಿತು! ಪ್ರೋಗ್ರಾಮಿನ ಸಾಲಿನೊಳಗೆ ನೇರವಾಗಿ ಕನ್ನಡ ಅಂಕಿ ಬರೆದರೆ ಮಾತ್ರ ನಡೆಯುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ತಪ್ಪಾದಾಗ ಬರುವ ಕೆಂಪು ಸಾಲುಗಳು ಇಂಗ್ಲಿಷಿನಲ್ಲಿರುತ್ತವೆ. ಅವು ಪೈಥಾನಿನವೇ. ಕೊನೆಯ ಸಾಲು ಮೊದಲು ಓದಿ, ವಿಷಯ ಅಲ್ಲೇ ಇರುತ್ತದೆ. ಫೋನಿನಲ್ಲಿ ಥಾನಿ ನಡೆಯುವುದಿಲ್ಲ, ಲ್ಯಾಪ್‌ಟಾಪ್ ಇಲ್ಲವೇ ಕಂಪ್ಯೂಟರ್ ಬೇಕೇ ಬೇಕು. ನಮ್ಮ ಕಡೆ ಫೋನ್ ಒಂದೇ ಇರುವ ಮನೆ ಜಾಸ್ತಿ ಅಲ್ವಾ, ಅವರಿಗೆ ಇದು ಸಿಗುವುದಿಲ್ಲ ಅನ್ನುವುದೇ ಬೇಜಾರು. ಇನ್ನೊಂದು: ಬೆಲೆ ಕೇಳಿದ ಮೇಲೆ ಪ್ರೋಗ್ರಾಮ್ ಸುಮ್ಮನೆ ನಿಂತಂತೆ ಕಾಣುತ್ತದೆ. ಕೆಟ್ಟಿದ್ದಲ್ಲ, ನೀವು ಕೆಳಗಿನ ಜಾಗದಲ್ಲಿ ಉತ್ತರ ಬರೆಯಲಿ ಅಂತ ಕಾಯುತ್ತಿರುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಅರ್ಧ ಗಂಟೆ ಉಳಿಯುತ್ತಿತ್ತು.

ಈಗ ಅದೇ ಫೈಲಿಗೆ ಕಿಲೋ ಲೆಕ್ಕ ಸೇರಿಸಿದ್ದೇನೆ. ಎರಡೂವರೆ ಕಿಲೋಗೆ 2.5 ಅಂತ ಕೊಟ್ಟರೆ ಇಂಟ್ ಒಪ್ಪಲಿಲ್ಲ. ಅಲ್ಲಿ ಚುಕ್ಕಿ ಇರುವ ಸಂಖ್ಯೆಯನ್ನೂ ಒಪ್ಪುವ ಫ್ಲೋಟ್ ಹಾಕಿದೆ. ನಿನ್ನೆ ಯಲ್ಲಾಪುರದ ಆರ್ಡರಿನ ಬಿಲ್ಲು 935.0 ಅಂತ ಬಂತು. ಕೈಯಲ್ಲೂ ಲೆಕ್ಕ ಹಾಕಿ ನೋಡಿದೆ, ಸರಿ ಇತ್ತು. ಆ ಚುಕ್ಕಿ ಸೊನ್ನೆ ತೆಗೆಯುವುದು ಹೇಗೆ ಅಂತ ಇವತ್ತು ರಾತ್ರಿ ನೋಡಬೇಕು.