ಅಜ್ಜನ ಪಕ್ಕೆಲುಬಿಗೂ ಹಸುಗೂಸಿನ ಎದೆಗೂ ಒಂದೇ ಸ್ಟೆತ್ ಸಾಕೇ? ಒಂದು ಮಳೆಗಾಲದ ಹೋಲಿಕೆ

ತೀರ್ಥಹಳ್ಳಿ ಕಡೆಯ ಮಳೆ ಹಿಡಿಯಿತೆಂದರೆ ನನ್ನ ಕ್ಲಿನಿಕ್ಕಿನ ತಗಡಿನ ಮಾಡಿನ ಸದ್ದಿಗೆ ಎದುರು ಕೂತವರ ಮಾತೂ ಕೇಳುವುದಿಲ್ಲ. ಜೂನ್ ತಿಂಗಳ ಅಂಥ ಒಂದು ಬೆಳಿಗ್ಗೆ ಎಪ್ಪತ್ತು ದಾಟಿದ ಅಜ್ಜರೊಬ್ಬರ ಬೆನ್ನಿಗೆ ಸ್ಟೆತ್ (ಸ್ಟೆತಸ್ಕೋಪ್) ಇಟ್ಟೆ. ಉಸಿರಿಗಿಂತ ಮಳೆಯೇ ಜೋರಾಗಿ ಕೇಳಿಸಿತು. ಇಯರ್‌ಟಿಪ್ ಒರೆಸಿ ಮತ್ತೆ ಹಾಕಿಕೊಂಡೆ, ಆಗಲೂ ಅದೇ. ಟ್ಯೂಬ್ ಬಗ್ಗಿಸಿ ನೋಡಿದಾಗ ಅದು ಕವಲೊಡೆಯುವ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಒಂಬತ್ತು ವರ್ಷ ಕುತ್ತಿಗೆಯ ಬೆವರು, ಎಣ್ಣೆಯಂಶ ತಾಗಿ ಪಿವಿಸಿ ಗಟ್ಟಿಯಾಗಿ ಬಿರಿದಿತ್ತು. ಹೊರಗಿನ ಸದ್ದು ಒಳಗೆ ನುಗ್ಗುತ್ತಿತ್ತು, ಒಳಗಿನ ಸದ್ದು ಸೋರಿ ಹೋಗುತ್ತಿತ್ತು. ಎಷ್ಟು ದಿನದಿಂದ ಹೀಗಿತ್ತೋ, ಈ ನಡುವೆ ಯಾರ ಎದೆಯಲ್ಲಿ ಏನನ್ನು ಕೇಳಿಸಿಕೊಳ್ಳದೆ ಬಿಟ್ಟೆನೋ ಎಂದು ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹೊಸದು ಕೊಳ್ಳಲೇಬೇಕಿತ್ತು. ನನ್ನ ಕೋಣೆಗೆ ಬರುವವರಲ್ಲಿ ವಯಸ್ಸಿನ ವಿಂಗಡಣೆ ಇಲ್ಲ. ಬೀಡಿ ಸೇದಿ ಎದೆ ಪೀಪಾಯಿಯಂತಾದ ಅಜ್ಜ ಎದ್ದು ಹೋದ ಕುರ್ಚಿಯಲ್ಲೇ ನಾಲ್ಕು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಕೂರುತ್ತಾಳೆ. "ಡಾಕ್ಟ್ರಮ್ಮ, ಎದೆಯೆಲ್ಲ ಗೊರಗೊರ ಅಂತಿದೆ, ರಾತ್ರಿ ಹಾಲೇ ಕುಡೀಲಿಲ್ಲ." ಇಬ್ಬರಿಗೂ ಆಗುವಂಥದ್ದು ಎಂದರೆ ಎರಡು ಮುಖದ ಸ್ಟೆತ್, ಒಂದು ಬದಿ ದೊಡ್ಡವರಿಗೆ, ಇನ್ನೊಂದು ಮಕ್ಕಳಿಗೆ. ಅಂಗಡಿಯಲ್ಲಿ ಹಾಗೆಂದು ಹೇಳಿ ಮಾರುವವು ಹಲವು. ಮೂರು ಥರದವನ್ನು ಕೊಂಡೆ, ಒಂದನ್ನು ಶಿವಮೊಗ್ಗದ ಗೆಳತಿಯಿಂದ ಎರವಲು ತಂದೆ, ಕೊನೆಗೆ ಇನ್ನೂ ಒಂದು ಸೇರಿಕೊಂಡಿತು. ಜುಲೈ, ಆಗಸ್ಟ್ ಎರಡೂ ತಿಂಗಳು, ಸಾಧ್ಯವಾದಾಗಲೆಲ್ಲ ಒಬ್ಬರೇ ರೋಗಿಯ ಒಂದೇ ಜಾಗದ ಮೇಲೆ ಒಂದಾದ ಮೇಲೊಂದು ಇಟ್ಟು ಕೇಳಿದೆ. ರೋಗಿಗಳು ಸಹಕರಿಸಿದರು. ಅವರಲ್ಲಿ ಬಾಲ್ಯದ ಸಂಧಿವಾತ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾದ ತಾಯಿಯೊಬ್ಬರಿದ್ದರು. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಖಚಿತವಾಗಿದ್ದ ಅವರ ಎದೆಯ ಸದ್ದೇ ನನಗೆ ಒರೆಗಲ್ಲಾಯಿತು.

ಮೊದಲನೆಯದು ಮೆಡಿಕಲ್ ಶಾಪಿನಲ್ಲಿ ಐನೂರು ರೂಪಾಯಿಯೊಳಗೆ ಸಿಕ್ಕ ಅಲ್ಯುಮಿನಿಯಂ ತಲೆಯ ಜೋಡಿ ಮುಖದ್ದು. ಹಗುರ, ಎರಡೂ ಬದಿ ಡಯಾಫ್ರಮ್, ಅಂದರೆ ಬಿಗಿದ ತೆಳು ಪೊರೆಯ ಮುಖ. ಶಾಂತವಾಗಿದ್ದ ಸಂಜೆ ದೊಡ್ಡವರ ಶ್ವಾಸಕೋಶಕ್ಕೆ ತೊಂದರೆಯಿಲ್ಲದೆ ನಡೆಯಿತು. ಬಿಪಿ ನೋಡಲೂ ಸಾಕು. ಆದರೆ ಮಳೆ ಶುರುವಾದೊಡನೆ ತೆಳು ಟ್ಯೂಬಿನಲ್ಲಿ ಹೊರಗಿನ ಗದ್ದಲ ತುಂಬಿಕೊಂಡಿತು. ಅದಕ್ಕಿಂತ ಹೆಚ್ಚಾಗಿ ಬೇಸರ ತಂದದ್ದು ಅದರ ಚಿಕ್ಕ ಮುಖ. ಮಕ್ಕಳ ಬದಿ ಎಂದು ಕರೆದರೂ ದೊಡ್ಡದಕ್ಕಿಂತ ಅದು ಸಣ್ಣದಿದ್ದದ್ದು ಅರ್ಧ ಸೆಂಟಿಮೀಟರ್ ಮಾತ್ರ, ನಾನೇ ಸ್ಕೇಲು ಹಿಡಿದು ಅಳೆದೆ. ಅಂಚಿಗೆ ರಬ್ಬರ್ ಸುತ್ತು ಇರಲಿಲ್ಲ. ತಣ್ಣನೆಯ ಲೋಹ ಸೋಕಿದ ಮಗು ಬೆಚ್ಚಿ ಅತ್ತುಬಿಟ್ಟರೆ ಮುಂದಿನ ಐದು ನಿಮಿಷ ಹೃದಯದ ಸದ್ದು ಕೇಳುವ ಆಸೆ ಬಿಡಬೇಕು. ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಇಡುವುದು ಯಾವ ಸ್ಟೆತ್ತಿಗಾದರೂ ಒಳ್ಳೆಯ ಅಭ್ಯಾಸ. ಆದರೆ ಅಂಚಿನ ಸುತ್ತು ಬರೀ ಚಳಿ ತಡೆಯಲು ಇರುವುದಲ್ಲ, ಚರ್ಮದ ಜೊತೆ ಗಾಳಿಯಾಡದಂತೆ ಕೂರಿಸುವುದೂ ಅದೇ.

ಎರಡನೆಯದು ಸ್ಪ್ರಾಗ್-ರ‍್ಯಾಪಪೋರ್ಟ್ ಮಾದರಿ. ಬೆಲ್ಲನ್ನೂ (ಪೊರೆಯಿಲ್ಲದ, ಬಟ್ಟಲಿನಂಥ ತೆರೆದ ಮುಖ) ಡಯಾಫ್ರಮ್ಮನ್ನೂ ಒಂದೇ ತಲೆಗೆ ಜೋಡಿಸುವ ಯೋಚನೆಯನ್ನು 1926ರಲ್ಲಿ ಕಾರ್ಯಕ್ಕಿಳಿಸಿದವರು ಬೋಸ್ಟನ್ನಿನ ವೈದ್ಯ ಹೋವರ್ಡ್ ಸ್ಪ್ರಾಗ್. ಅವರ ಹೆಸರು ಹೊತ್ತ ಈ ಮಾದರಿಯನ್ನು ಈಗ ಎಷ್ಟೋ ಕಂಪನಿಗಳು ಮಾಡುತ್ತವೆ. ಕಿವಿಗೊಂದರಂತೆ ಎರಡು ಬೇರೆ ಬೇರೆ ಟ್ಯೂಬು, ದೊಡ್ಡ ಡಯಾಫ್ರಮ್, ಚಿಕ್ಕ ಡಯಾಫ್ರಮ್, ಅದನ್ನು ಬಿಚ್ಚಿ ಆ ಜಾಗಕ್ಕೆ ತಿರುಗಿಸಿ ಹಾಕಲು ಮೂರು ಅಳತೆಯ ಬೆಲ್ಲುಗಳು. ಕಾಗದದ ಮೇಲೆ ನೋಡಿದರೆ ಇಷ್ಟು ಕಡಿಮೆ ಬೆಲೆಗೆ ಇಷ್ಟು ಆಯ್ಕೆ ಬೇರೆಲ್ಲೂ ಇಲ್ಲ. ಮೈಟ್ರಲ್ ತೊಂದರೆಯ ಆ ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಿ, ದೊಡ್ಡ ಬೆಲ್ಲನ್ನು ಹೃದಯದ ತುದಿಯ ಮೇಲೆ ಹಗುರಾಗಿ ಇಟ್ಟಾಗ ಹೃದಯದ ಎರಡನೇ ಬಡಿತದ ಸದ್ದಿನ ನಂತರ ಬರುವ ದೂರದ ಗುಡುಗಿನಂಥ ಮರ್ಮರ್ (ರಕ್ತದ ಹರಿವಿನ ಅಸಹಜ ಸದ್ದು) ಇದರಲ್ಲಿ ಸ್ಪಷ್ಟವಾಗಿ ಕೇಳಿತು. ಆ ದಿನ ನನಗೆ ನಿಜಕ್ಕೂ ಸಂತೋಷವಾಯಿತು.

ಸಂತೋಷ ಮಕ್ಕಳ ಸರದಿ ಬಂದಾಗ ಕರಗಿತು. ಎರಡು ಟ್ಯೂಬುಗಳು ಒಂದಕ್ಕೊಂದು ಉಜ್ಜಿದರೆ ಬರುವ ಸರಸರ ಸದ್ದು ನ್ಯುಮೋನಿಯಾದ ಕ್ರೆಪ್ಸ್‌ಗೆ (ಉಸಿರಿನ ಜೊತೆ ಶ್ವಾಸಕೋಶದಲ್ಲಿ ಕೇಳುವ ಚಿಟಪಟ ಸದ್ದು) ಮೋಸಗೊಳ್ಳುವಷ್ಟು ಹತ್ತಿರ. ಸುಮ್ಮನೆ ಮಲಗಿದ ದೊಡ್ಡವರಲ್ಲಿ ಟ್ಯೂಬ್ ಅಲ್ಲಾಡುವುದಿಲ್ಲ. ಒಂದೂವರೆ ವರ್ಷದ ಮಗು ಅದನ್ನು ಹಿಡಿದೆಳೆಯದೆ ಬಿಡುವುದೇ ಇಲ್ಲ. ಬೆಲ್ ಬದಲಾಯಿಸುವಷ್ಟು ಹೊತ್ತು ಮಗುವಿನ ಸಮಾಧಾನ ಉಳಿಯುವುದಿಲ್ಲ. ಬೆಲ್ಲುಗಳು ಪುಟ್ಟ ಡಬ್ಬಿಯಲ್ಲಿ ಬರುತ್ತವೆ. ನನ್ನಲ್ಲಿ ಅವುಗಳಲ್ಲೊಂದು ಮೂರನೇ ವಾರಕ್ಕೇ ಕಳೆದುಹೋಯಿತು.

ಮೂರನೆಯದು ಲಿಟ್‌ಮನ್ ಕ್ಲಾಸಿಕ್ 3. ದೊಡ್ಡ ಬದಿ 4.3 ಸೆಂ.ಮೀ., ಚಿಕ್ಕ ಬದಿ 3.3 ಸೆಂ.ಮೀ. ಎರಡೂ ಬದಿಯ ಡಯಾಫ್ರಮ್ ಒತ್ತಡಕ್ಕೆ ತಕ್ಕಂತೆ ಕೆಲಸ ಬದಲಿಸುತ್ತದೆ. ಹಗುರಾಗಿ ಇಟ್ಟರೆ ಪೊರೆ ಸಡಿಲವಾಗಿ ಆಡುತ್ತದೆ, ತಗ್ಗಿನ ಸದ್ದುಗಳು ಬರುತ್ತವೆ. ಒತ್ತಿ ಹಿಡಿದರೆ ಪೊರೆಯ ಆಟ ನಿಂತು ತಗ್ಗಿನ ಸದ್ದು ಸೋಸಿಹೋಗಿ ಏರುದನಿ ಉಳಿಯುತ್ತದೆ. ಚಿಕ್ಕ ಬದಿಯ ಪೊರೆ ತೆಗೆದು ಅದರ ಜೊತೆಗೇ ಕೊಡುವ ರಬ್ಬರ್ ಅಂಚನ್ನು ಕೂರಿಸಿದರೆ ಅದೇ ತೆರೆದ ಬೆಲ್ ಆಗುತ್ತದೆ. ತೂಕ ಸುಮಾರು 150 ಗ್ರಾಂ, ಉದ್ದ 69 ಸೆಂ.ಮೀ. ಮಗುವನ್ನು ತಾಯಿಯ ಮಡಿಲಿನಿಂದ ಎತ್ತದೆ, ನಾನು ಮುಖದ ಮೇಲೆ ಬಾಗದೆ ಕೇಳಲು ಈ ಉದ್ದ ಚೆನ್ನಾಗಿ ಒದಗಿತು.

ಇದರ ಜೊತೆ ನಾನು ಹೆಚ್ಚು ದಿನ ಕಳೆದೆ. ತಗಡಿನ ಸದ್ದಿನ ನಡುವೆಯೂ ಒಳಗಿನ ಸದ್ದನ್ನು ಬೇರೆಯಾಗಿ ಹಿಡಿಯಲು ಸಾಧ್ಯವಾಯಿತು. ಅದರ ಅರ್ಧ ಶ್ರೇಯಸ್ಸು ದಪ್ಪ ಟ್ಯೂಬಿನದು, ಇನ್ನರ್ಧ ಕಿವಿಯೊಳಗೆ ಮೆತ್ತಗೆ ಕೂರುವ ಇಯರ್‌ಟಿಪ್ಪಿನದು. ನನ್ನ ಹತ್ತಿರ ಕಲಿಯಲು ಬಂದ ನರ್ಸಿಂಗ್ ಹುಡುಗಿ "ಏನೂ ಕೇಳಿಸ್ತಿಲ್ಲ ಮೇಡಂ" ಅಂದಳು. ನೋಡಿದರೆ ಇಯರ್‌ಟಿಪ್ಪುಗಳನ್ನು ಹಿಂದು ಮುಂದಾಗಿ ಹಾಕಿಕೊಂಡಿದ್ದಳು. ಅವು ಮೂಗಿನ ಕಡೆಗೆ ಬಾಗಿರಬೇಕು, ಕಿವಿಯ ನಾಳ ಹಾಗೆಯೇ ಮುಂದಕ್ಕೆ ಓರೆಯಾಗಿರುತ್ತದೆ. ಎರಡು ಮುಖದ ಸ್ಟೆತ್ತಿನಲ್ಲಿ ಇನ್ನೊಂದು ಸಂಗತಿ: ತಲೆಯನ್ನು ತಿರುಗಿಸಿ ಟಕ್ ಎನಿಸಿದ ಮೇಲಷ್ಟೇ ಆ ಬದಿಯ ದಾರಿ ತೆರೆಯುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ಖಚಿತಪಡಿಸಿಕೊಂಡೇ ಎದೆಗೆ ಇಡಬೇಕು.

ಒತ್ತಡದ ಈ ತಂತ್ರ ದೊಡ್ಡವರಲ್ಲಿ ಬಹಳ ಚೆನ್ನಾಗಿ ನಡೆಯುತ್ತದೆ. ಮೈಟ್ರಲ್ ತಾಯಿಯ ಮರ್ಮರ್ ಹಗುರ ಹಿಡಿತದಲ್ಲಿ ಕೇಳಿತು, ಸ್ಪ್ರಾಗ್ ಬೆಲ್ಲಿನಷ್ಟು ತುಂಬುದನಿಯಲ್ಲಿ ಅಲ್ಲದಿದ್ದರೂ ಅನುಮಾನಕ್ಕೆ ಎಡೆಯಿಲ್ಲದಂತೆ. ಒದ್ದಾಡುವ ಮಗುವಿನ ಎದೆಯ ಮೇಲೆ ಮಾತ್ರ 'ಹಗುರ', 'ಬಿಗಿ' ಎಂಬ ವ್ಯತ್ಯಾಸ ಕೈಯಲ್ಲಿ ನಿಲ್ಲುವುದಿಲ್ಲ. ಪ್ರತಿ ಉಸಿರಿಗೂ ಒತ್ತಡ ಬದಲಾಗುತ್ತದೆ. ಅದರಿಂದ ಮಕ್ಕಳಲ್ಲಿ ನಾನು ಚಿಕ್ಕ ಬದಿಯನ್ನು ಬಿಗಿಯಾಗಿಯೇ ಇಟ್ಟು ಶ್ವಾಸಕೋಶ ಕೇಳುತ್ತೇನೆ, ಹೃದಯಕ್ಕೆ ಮಗು ನಿದ್ದೆಗಣ್ಣಲ್ಲಿರುವ ಹೊತ್ತು ಕಾಯುತ್ತೇನೆ. ಅಳುವ ಮಗುವೇ ಆದರೂ ಎರಡು ಅಳುವಿನ ನಡುವೆ ಅದು ಎಳೆದುಕೊಳ್ಳುವ ಉದ್ದದ ಉಸಿರು ಕ್ರೆಪ್ಸ್ ಕೇಳಲು ಒಳ್ಳೆಯ ಸಮಯ. ಗಂಟಲು, ಕಿವಿ ನೋಡುವುದು ಕೊನೆಗಿರಲಿ, ಮೊದಲು ಎದೆ.

ಹೇಳಲೇಬೇಕಾದ ಮುಖ್ಯ ಸಂಗತಿ ನನಗೆ ಹೊಳೆದದ್ದು ಅದೇ ಅಜ್ಜ ಮತ್ತೆ ಬಂದ ದಿನ. ಎದೆಯ ಮಾಂಸ ಕರಗಿ ಪಕ್ಕೆಲುಬುಗಳು ಬೇಲಿಯ ಗೂಟದಂತೆ ಎದ್ದಿದ್ದವು. ದೊಡ್ಡ ಡಯಾಫ್ರಮ್ ಎರಡು ಎಲುಬುಗಳ ಮೇಲೆ ಸೇತುವೆಯಾಗಿ ಕೂತು ನಡುವೆ ಗಾಳಿ ಬಿಟ್ಟಿತು, ಕೇಳಿದ್ದೆಲ್ಲ ಚರ್ಮದ ಗೀಚು ಸದ್ದು. ತಲೆ ತಿರುಗಿಸಿ ಚಿಕ್ಕ ಬದಿ ಇಟ್ಟೆ. ಅದು ಎಲುಬುಗಳ ನಡುವಿನ ತಗ್ಗಿನಲ್ಲಿ ಸರಿಯಾಗಿ ಕೂತು, ಬಲ ಶ್ವಾಸಕೋಶದ ಬುಡದಲ್ಲಿ ಕ್ರೆಪ್ಸ್ ತಕ್ಷಣ ಕೇಳಿದವು. ಆಮೇಲೆ ಎಣಿಸುತ್ತ ಹೋದೆ. ಚಿಕ್ಕ ಬದಿಯನ್ನು ನಾನು ಮಕ್ಕಳಿಗಿಂತ ಬಡಕಲಾದ ವೃದ್ಧರಿಗೆ, ದಶಕಗಟ್ಟಲೆ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿ ಎದೆ ಸವೆದ ಅಜ್ಜಿಯರಿಗೆ ಹೆಚ್ಚು ಬಳಸುತ್ತಿದ್ದೆ. ಹತ್ತು ವರ್ಷದ ಗುಂಡು ಮೈಯ ಹುಡುಗನಿಗೆ ದೊಡ್ಡ ಬದಿಯೇ ಚೆನ್ನಾಗಿತ್ತು. ಯಾವ ಬದಿ ಎಂದು ತೀರ್ಮಾನಿಸುವುದು ಪಕ್ಕೆಲುಬಿನ ಎಡೆ, ವಯಸ್ಸಲ್ಲ. 'ಮಕ್ಕಳ ಬದಿ' ಎಂಬ ಹೆಸರು ಇಷ್ಟು ವರ್ಷ ನನ್ನ ಕೈಯನ್ನು ತಡೆದಿತ್ತಲ್ಲ ಎಂದು ನೋವಾಯಿತು.

ನಾಲ್ಕನೆಯದು ಗೆಳತಿಯ ಲಿಟ್‌ಮನ್ ಕಾರ್ಡಿಯಾಲಜಿ 4. ಎರಡೂ ಮುಖದ ಅಳತೆ ಕ್ಲಾಸಿಕ್ 3ರಷ್ಟೇ. ಒಂದೇ ಟ್ಯೂಬಿನೊಳಗೆ ಎರಡು ನಾಳ, ಆದ್ದರಿಂದ ಉಜ್ಜುವ ಸದ್ದಿಲ್ಲ. ಸದ್ದು ತುಂಬಿಕೊಂಡು ಬರುತ್ತದೆ. ಬೆಲೆ ದುಪ್ಪಟ್ಟು, ಕುತ್ತಿಗೆಗೆ ಭಾರವೂ ಹೆಚ್ಚು. ದಿನವಿಡೀ ಹೃದ್ರೋಗಿಗಳನ್ನೇ ನೋಡುವವರಿಗೆ ಸರಿ. ನನ್ನ ಕೋಣೆಯಲ್ಲಿ ಅದು ಕೇಳಿಸಿ ಕ್ಲಾಸಿಕ್ ಬಿಟ್ಟುಬಿಟ್ಟದ್ದು ಎಂಬ ಒಂದು ಸದ್ದೂ ನನಗೆ ಸಿಗಲಿಲ್ಲ.

ಹಾಗಾದರೆ ಹಸುಗೂಸು? ಇಲ್ಲಿ ಎರಡು ಮುಖದ ಯಾವ ಸ್ಟೆತ್ತೂ ನನಗೆ ತೃಪ್ತಿ ಕೊಡಲಿಲ್ಲ. ಎರಡೂವರೆ ಕೆಜಿ ತೂಕದ, ಹುಟ್ಟಿ ಹತ್ತು ದಿನದ ಮಗುವಿನ ಎದೆಯಲ್ಲಿ 3.3 ಸೆಂ.ಮೀ. ಕೂಡ ದೊಡ್ಡದೇ. ಹೃದಯ, ಶ್ವಾಸಕೋಶ ಎರಡನ್ನೂ ಒಟ್ಟಿಗೇ ಮುಚ್ಚಿಬಿಡುತ್ತದೆ. ನಿಮಿಷಕ್ಕೆ 120ರಿಂದ 160 ಸಲ ಬಡಿಯುವ ಹೃದಯ ಉಸಿರಿನ ಸದ್ದನ್ನು ನುಂಗುತ್ತದೆ, ಯಾವುದು ಎಲ್ಲಿಂದ ಬಂತೆಂದು ಬಿಡಿಸಲಾಗುವುದಿಲ್ಲ. ಪಿಡಿಯಾಟ್ರಿಕ್ ಎಂದು ಬರೆದ ಸ್ಟೆತ್ ಕೊಂಡರೆ ಇದಕ್ಕೆ ಪರಿಹಾರ ಎಂದು ಭಾವಿಸಿದ್ದೆ. ಕೊಳ್ಳುವ ಮುನ್ನ ಅಳತೆ ಓದಿದ್ದು ಒಳ್ಳೆಯದಾಯಿತು. ಲಿಟ್‌ಮನ್ ಕ್ಲಾಸಿಕ್ 2 ಪಿಡಿಯಾಟ್ರಿಕ್‌ನ ಡಯಾಫ್ರಮ್ಮೂ 3.3 ಸೆಂ.ಮೀ.ದೇ, ನನ್ನಲ್ಲಿ ಆಗಲೇ ಇದ್ದ ಚಿಕ್ಕ ಬದಿಯಷ್ಟೇ. ನಿಜವಾಗಿ ಸಣ್ಣದು ಬೇಕಿದ್ದರೆ ಅದೇ ಸಾಲಿನ ಇನ್‌ಫಂಟ್ ಮಾದರಿ: ಡಯಾಫ್ರಮ್ 2.7 ಸೆಂ.ಮೀ., ಬೆಲ್ 1.9 ಸೆಂ.ಮೀ. ಅದನ್ನೇ ತರಿಸಿದೆ. ಮೊದಲ ದಿನವೇ ಹಸುಗೂಸೊಂದರ ಎದೆಯ ಎಡ ಬಲಗಳು ಬೇರೆ ಬೇರೆಯಾಗಿ ಕೇಳಿದವು.

ಒಂದು ಎಚ್ಚರಿಕೆ. ಎಷ್ಟೇ ಒಳ್ಳೆಯ ಸ್ಟೆತ್ ಇದ್ದರೂ ಕೆಮ್ಮು, ಉಸಿರಿನ ತೊಂದರೆ ಇರುವ ಮಗುವಿನ ಉಸಿರನ್ನು ಕಣ್ಣಿಂದಲೇ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೊಂದು ತಿಂಗಳವರೆಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಬಟ್ಟೆ ಮೇಲೆತ್ತಿ ಪಕ್ಕೆ ಒಳಸೇದುತ್ತಿದೆಯೇ ನೋಡಬೇಕು. ಸ್ಟೆತ್ ಶುದ್ಧವಾಗಿ ಕೇಳಿಸಿತೆಂದು ಇವೆರಡನ್ನು ಬಿಟ್ಟರೆ ಮಗುವಿಗೆ ಅನ್ಯಾಯವಾಗುತ್ತದೆ.

ಕೊಳ್ಳುವವರಿಗೆ ನಾನು ಕಂಡುಕೊಂಡದ್ದು ಇಷ್ಟು. ಹೆಸರಾಂತ ಕಂಪನಿಯದ್ದೆಂದು ತೀರಾ ಅಗ್ಗಕ್ಕೆ ಕೊಟ್ಟರೆ ನಕಲಿ ಇರುವ ಸಾಧ್ಯತೆ ಹೆಚ್ಚು. ಅಸಲಿ ಲಿಟ್‌ಮನ್ನಿನ ಲೋಹದ ಮೇಲೆ ಸೀರಿಯಲ್ ನಂಬರ್ ಕೊರೆದಿರುತ್ತದೆ, ಅದನ್ನು ಪರಿಶೀಲಿಸಿ. ಹೋಗುವಾಗ ಸ್ಕೇಲು ಒಯ್ದು ಎರಡೂ ಮುಖ ಅಳೆಯಿರಿ. ಚಿಕ್ಕ ಬದಿ ಬೆಲ್ಲೋ ಡಯಾಫ್ರಮ್ಮೋ ಎಂದು ಕೇಳಿ. ಬಿಡಿ ಪೊರೆ, ಇಯರ್‌ಟಿಪ್ ಬೇರೆಯಾಗಿ ಸಿಗುತ್ತವೆಯೇ ವಿಚಾರಿಸಿ. ತಂದ ಮೇಲೆ ಬರಿ ಕುತ್ತಿಗೆಗೆ ಸುತ್ತಿಕೊಳ್ಳುವುದು ಬೇಡ, ಕಾಲರಿನ ಮೇಲಿರಲಿ. ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಒರೆಸಿ, ನೀರಿನಲ್ಲಿ ಮುಳುಗಿಸಬೇಡಿ. ತಿಂಗಳಿಗೊಮ್ಮೆ ಟ್ಯೂಬನ್ನು ಬೆಳಕಿಗೆ ಹಿಡಿದು ಬಗ್ಗಿಸಿ ನೋಡಿ.

ಈಗ ಕ್ಲಾಸಿಕ್ 3 ನನ್ನ ಕೋಟಿನ ಕಾಲರಿನ ಮೇಲಿರುತ್ತದೆ, ಎರಡೂ ಬದಿ ಡಯಾಫ್ರಮ್ ಹಾಕಿಯೇ. ಬೆಲ್ಲಿನ ಅಂಚು ಮೇಜಿನ ಡ್ರಾಯರಿನಲ್ಲಿದೆ, ಮೈಟ್ರಲ್ ತಾಯಿ ಬರುವ ತಿಂಗಳ ದಿನ ಅದನ್ನು ಹೊರತೆಗೆಯುತ್ತೇನೆ. ಇನ್‌ಫಂಟ್ ಸ್ಟೆತ್ ಪುಟ್ಟ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿದೆ. ಐನೂರರೊಳಗಿನದು ಬಿಪಿ ಉಪಕರಣದ ಪಕ್ಕದಲ್ಲಿ ನರ್ಸ್ ಬಳಿ ಕೆಲಸ ಮಾಡುತ್ತಿದೆ. ಸ್ಪ್ರಾಗನ್ನು ಕಲಿಯಲು ಬಂದ ಹುಡುಗಿಗೆ ಕೊಟ್ಟೆ. ಉಳಿದ ಎರಡು ಬೆಲ್ಲುಗಳಿಂದ ಅವಳು ತನ್ನ ಅಜ್ಜಿಯ ಎದೆ ಕೇಳಿ, ಹೃದಯದ ಮಾಮೂಲಿ ಎರಡು ಸದ್ದುಗಳ ಮೇಲೆ ಮೂರನೇ ಸದ್ದು ಇರಬಹುದೇ ಎಂದು ನನಗೆ ಫೋನ್ ಮಾಡಿದ್ದಳು. ಅಜ್ಜಿಯನ್ನು ಕರೆದುಕೊಂಡು ಬಾ ಎಂದೆ. ಇತ್ತು.