ಮನೆಯಲ್ಲೇ ಟಾರ್ ಸೀಡ್ ನೋಡ್: ಬಿಸ್ಕ್ ಡೆವಲಪರ್‌ಗಳಿಗೆ ನನ್ನ ಶಿಫಾರಸು

ಬಿಟ್‌ಕಾಯಿನ್ ಕೊಳ್ಳುವವರನ್ನೂ ಮಾರುವವರನ್ನೂ ನಡುವೆ ಕಂಪನಿಯೇ ಇಲ್ಲದೆ ಸೇರಿಸುವ ತಂತ್ರಾಂಶ ಬಿಸ್ಕ್. 2017ರವರೆಗೆ ಬಿಟ್‌ಸ್ಕ್ವೇರ್ ಅಂತ ಕರೀತಿದ್ದರು. ಹೊಸ ನೋಡ್ (ಬಿಸ್ಕ್ ನಡೆಸುವ ಒಂದು ಕಂಪ್ಯೂಟರ್) ಇದರ ಜಾಲಕ್ಕೆ ಬಂದಾಗ ಮೊದಲು ಮಾತಾಡಿಸುವುದು ಸೀಡ್ ನೋಡನ್ನು. ಉಳಿದ ಪಿಯರ್‌ಗಳ (ಜಾಲದ ಇತರ ನೋಡ್‌ಗಳ) ವಿಳಾಸವೂ ಕೊಳ್ಳುವ, ಮಾರುವ ಆಫರ್‌ಗಳೂ ಅಲ್ಲಿಂದಲೇ ಸಿಗಬೇಕು.

ದಿನನಿತ್ಯದ ಕೋಡಿಂಗ್‌ಗೆ ಪ್ರಾಜೆಕ್ಟೇ ಕೊಡುವ ಲೋಕಲ್‌ಹೋಸ್ಟ್ ಏರ್ಪಾಡು ಚೆನ್ನಾಗಿದೆ. ರೆಗ್‌ಟೆಸ್ಟ್ ಬಿಟ್‌ಕಾಯಿನ್ (ಪರೀಕ್ಷೆಗಷ್ಟೇ ಬಳಸುವ ಖಾಸಗಿ ಬಿಟ್‌ಕಾಯಿನ್ ಜಾಲ), 2002ನೇ ಪೋರ್ಟಿನಲ್ಲಿ ಸೀಡ್ ನೋಡ್, ಜೊತೆಗೆ ಆಲಿಸ್ ಮತ್ತು ಬಾಬ್ ಎಂಬ ಎರಡು ಪರೀಕ್ಷಾ ಬಳಕೆದಾರ ನೋಡ್‌ಗಳು. ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ. ಆದರೆ ಅಲ್ಲಿ ಸಂದೇಶ ಕಳಿಸಿದ ಕ್ಷಣವೇ ತಲುಪುತ್ತದೆ, ಅದೇ ತೊಂದರೆ. ನಿಜ ಜಾಲ ನಡೆಯುವುದು ಟಾರ್ ಮೇಲೆ, ಅಂದರೆ ಗುರುತು ಮರೆಮಾಡಲು ಸಂದೇಶವನ್ನು ರಿಲೇ ಎಂಬ ಹಲವು ಕಂಪ್ಯೂಟರ್‌ಗಳ ಮೂಲಕ ಸಾಗಿಸುವ ಜಾಲದ ಮೇಲೆ. ಅಲ್ಲಿ ಆನಿಯನ್ ಸಂಪರ್ಕ (ಟಾರ್ ಒಳಗಿನ ವಿಳಾಸಕ್ಕೆ ಮಾಡುವ ಸಂಪರ್ಕ) ಆರು ರಿಲೇ ದಾಟುತ್ತದೆ, ಆಚೆ ಮೂರು, ಈಚೆ ಮೂರು. ಟೈಮ್‌ಔಟ್, ಮರುಸಂಪರ್ಕ, ತಡವಾಗಿ ಬರುವ ಉತ್ತರ, ಇವುಗಳಿಗೆ ಬರೆದ ಕೋಡ್ ಸರಿಯೋ ತಪ್ಪೋ ಅಂತ ಲೋಕಲ್‌ಹೋಸ್ಟ್ ಎಂದೂ ಹೇಳುವುದಿಲ್ಲ.

ಅದಕ್ಕೇ ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್ ಒಂದನ್ನು ಟಾರ್ ಮೇಲಿನ ಸೀಡ್ ನೋಡಿಗೇ ಮೀಸಲಿಟ್ಟಿದ್ದೇನೆ. ಲೋಕಲ್‌ಹೋಸ್ಟ್ ಆಯ್ಕೆ ತೆಗೆದರೆ ಬಿಸ್ಕ್ ತನ್ನೊಳಗಿನ ಟಾರ್ ಎಬ್ಬಿಸಿ ಆನಿಯನ್ ವಿಳಾಸ ಮಾಡಿಕೊಳ್ಳುತ್ತದೆ. ಆ ವಿಳಾಸವನ್ನು ಆಲಿಸ್‌ಗೂ ಬಾಬ್‌ಗೂ ಸೀಡ್‌ನೋಡ್ಸ್ ಆಯ್ಕೆಯಲ್ಲಿ ಕೊಟ್ಟರಾಯಿತು. ಅವರೂ ಟಾರ್‌ನಲ್ಲೇ ಇರಬೇಕು, ಒಬ್ಬರು ಲೋಕಲ್‌ಹೋಸ್ಟ್ ಇನ್ನೊಬ್ಬರು ಆನಿಯನ್ ಅಂದರೆ ನಡೆಯದು.

ನನಗೆ ತುಂಬಾ ಹಿಡಿಸಿದ್ದು ರೂಟರ್ ಮುಟ್ಟುವ ಕೆಲಸವೇ ಇಲ್ಲದಿರುವುದು. ನಮ್ಮಲ್ಲಿ ಎಷ್ಟೋ ಮನೆ ಸಂಪರ್ಕಗಳಿಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ರೂಟರ್ ಮೂಲಕ ಒಳಗೆ ಬಿಡುವುದು) ಮಾಡೋಣವೆಂದರೂ ದಾರಿಯಿಲ್ಲ. ಆನಿಯನ್ ಸೇವೆ ಹೊರಗೆ ಹೋಗುವ ಸಂಪರ್ಕಗಳಿಂದಲೇ ನಡೆಯುವುದರಿಂದ ಬೇರೆ ಊರಿನ ಗೆಳತಿಯೂ ನನ್ನ ಸೀಡ್ ನೋಡಿಗೆ ನೇರವಾಗಿ ಬಂದು ಟೆಸ್ಟ್ ಮಾಡುತ್ತಾಳೆ. ಊರಿನಿಂದ ಕೆಲಸ ಮಾಡುವವರಿಗೆ ಇದೆಷ್ಟು ದೊಡ್ಡ ಅನುಕೂಲ!

ಕೊರತೆಯೂ ಇದೆ. ಲಾಗ್‌ನಲ್ಲಿ ಬೂಟ್‌ಸ್ಟ್ರ್ಯಾಪ್ 100% (ಟಾರ್ ಜಾಲಕ್ಕೆ ಸೇರಿಯಾಯಿತು) ಅಂತ ಬಂದ ಮಾತ್ರಕ್ಕೆ ನೋಡ್ ಹೊರಗಿನವರಿಗೆ ಸಿಗುತ್ತದೆ ಎಂದಲ್ಲ, ಡಿಸ್ಕ್ರಿಪ್ಟರ್ (ನೋಡನ್ನು ಹುಡುಕಿ ತಲುಪಲು ಬೇಕಾದ ಮಾಹಿತಿ) ಪ್ರಕಟವಾಗುವವರೆಗೆ ಕಾಯಬೇಕು. ಹೊಸಬರಿಗೆ ಇದು ಸ್ಪಷ್ಟವಾಗಿ ಕಾಣುವಂತಿದ್ದರೆ ಚೆನ್ನಾಗಿತ್ತು. ಇನ್ನೊಂದು, ಗಡಿಯಾರ. ರಿಲೇಗಳ ಪಟ್ಟಿಯಿರುವ, ಟಾರ್‌ನ ಕನ್ಸೆನ್ಸಸ್ ದಾಖಲೆಯ ಆಯುಷ್ಯ ಮೂರೇ ಗಂಟೆ. ಮದರ್‌ಬೋರ್ಡಿನ ಬ್ಯಾಟರಿ ಸತ್ತ ಯಂತ್ರದಲ್ಲಿ ಕರೆಂಟ್ ಹೋಗಿ ಬಂದರೆ ಸಮಯ ತಪ್ಪುತ್ತದೆ, ಟಾರ್ ಮೇಲೇಳುವುದಿಲ್ಲ. ಸಮಯ ಸರಿಪಡಿಸುವ ಸೇವೆ ಮೊದಲು ಶುರುವಾಗುವಂತೆ ಮಾಡಿ, ಬ್ಯಾಟರಿಯನ್ನೂ ಬದಲಾಯಿಸಿ.

56 ಅಕ್ಷರದ ಆ ಆನಿಯನ್ ವಿಳಾಸ ಹುಟ್ಟುವುದು ಕೀಲಿಯಿಂದ. ಡೇಟಾ ಅಳಿಸಿ ಹೊಸದಾಗಿ ಶುರುಮಾಡುವ ಮುನ್ನ ಆ ಕೀಲಿ ಇರುವ ಹಿಡನ್‌ಸರ್ವಿಸ್ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಇಲ್ಲವಾದರೆ ವಿಳಾಸ ಬದಲಾಗಿ, ಅದನ್ನು ಬಳಸುತ್ತಿದ್ದ ಎಲ್ಲರ ಸೆಟ್ಟಿಂಗ್ ಮತ್ತೆ ತಿದ್ದಬೇಕಾಗುತ್ತದೆ.

ಐದಕ್ಕೆ ನಾಲ್ಕೂವರೆ. ಪರದೆಯ ವಿನ್ಯಾಸವಷ್ಟನ್ನೇ ಮಾಡುವವರಿಗೆ ಲೋಕಲ್‌ಹೋಸ್ಟ್ ಸಾಕು. ನೆಟ್‌ವರ್ಕ್ ಕೋಡ್ ಮುಟ್ಟುವವರು ಮಾತ್ರ ಇದನ್ನು ಹಾಕಿಕೊಂಡೇ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ.