ಬ್ಯಾಡ್‌ಫಿಂಗರ್ ಸಿಡಿ: ಡಬ್ಬಿ ಪುಡಿ, ಹಾಡು ಗಟ್ಟಿ

ಮೊದಲು ಡಬ್ಬಿ ವಿಚಾರ ಹೇಳಿಬಿಡ್ತೀನಿ. ಆನ್‌ಲೈನಲ್ಲಿ ಸೆಕೆಂಡ್‌ಹ್ಯಾಂಡ್ ತರಿಸಿದ ಸಿಡಿ. ಕೊರಿಯರ್ ಹುಡುಗ ಗೇಟಿನ ಮೇಲಿಂದ ಎಸೆದು ಹೋಗಿದ್ದ. ಬಿಚ್ಚಿದರೆ ಮುಚ್ಚಳದ ಎರಡೂ ಕಿವಿ ಮುರಿದು ಪ್ಲಾಸ್ಟಿಕ್ ಚೂರು ಮಡಿಲಿಗೆ ಉದುರಿತು. ಪುಣ್ಯಕ್ಕೆ ಸಿಡಿ ಮೇಲೆ ಒಂದು ಗೀರೂ ಇಲ್ಲ.

ಬ್ಯಾಡ್‌ಫಿಂಗರ್ ಅನ್ನೋ ಬ್ರಿಟಿಷ್ ರಾಕ್ ತಂಡದ ಆಲ್ಬಂ 'ಸ್ಟ್ರೇಟ್ ಅಪ್'. 1971ರಲ್ಲಿ ಬೀಟಲ್ಸ್‌ನವರ ಆ್ಯಪಲ್ ಕಂಪನಿಯಿಂದ ಬಂದದ್ದು. ನನ್ನ ಹತ್ತಿರ ಇರೋದು 2010ರ ರೀಮಾಸ್ಟರ್, ಅಂದ್ರೆ ಹಳೇ ಟೇಪಿನ ಸದ್ದು ತಿದ್ದಿ ಹೊಸದಾಗಿ ಬಿಟ್ಟದ್ದು. ಬ್ಯಾಡ್‌ಫಿಂಗರ್ ಅಂದ್ರೆ ಯಾರು ಅಂತ ಕೇಳೋರಿಗೂ ಇವರ ಹಾಡು ಗೊತ್ತಿರುತ್ತೆ, ಇನ್ಯಾರದೋ ಹೆಸರಲ್ಲಿ. 'ವಿದೌಟ್ ಯೂ' ಅಂದ್ರೆ ನನ್ನ ವಯಸ್ಸಿನವರು ನಿಲ್ಸನ್ ಅಂತಾರೆ, ಚಿಕ್ಕವರು ಮರಾಯಾ ಕ್ಯಾರಿ ಅಂತಾರೆ. ಬರೆದವರು ಈ ತಂಡದ ಪೀಟ್ ಹ್ಯಾಮ್ ಮತ್ತು ಟಾಮ್ ಇವಾನ್ಸ್. ಟಿವಿ ಧಾರಾವಾಹಿ 'ಬ್ರೇಕಿಂಗ್ ಬ್ಯಾಡ್'ನ ಕಟ್ಟಕಡೆಯ ದೃಶ್ಯದಲ್ಲಿ ಬರೋ 'ಬೇಬಿ ಬ್ಲೂ' ಇದೇ ಸಿಡಿಯ ಎರಡನೇ ಹಾಡು. ನನ್ನ ಮಗ ಅದನ್ನ ಹೊಸ ಹಾಡು ಅಂದ್ಕೊಂಡಿದ್ದ!

ನನಗೆ ಇವರ ಪರಿಚಯ ಆಗಿದ್ದು ಸೋದರಮಾವನ ಮನೇಲಿ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ನಡೆಸಿದ 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್' ಕಾರ್ಯಕ್ರಮದ ಮೂರು ಎಲ್‌ಪಿಗಳ ಪೆಟ್ಟಿಗೆ ಮಾವನ ಹತ್ತಿರ ಇತ್ತು. ಅವರು ಅದನ್ನ ಕೊಂಡದ್ದು ರವಿಶಂಕರ್, ಅಲಿ ಅಕ್ಬರ್ ಖಾನರ ಜುಗಲ್‌ಬಂದಿಗೆ. ಅದು ಮುಗಿದ ಮೇಲೆ 'ನಿನ್ನ ಗಲಾಟೆ ಹಾಕ್ಕೋ' ಅಂತ ನನಗೆ ಬಿಡೋರು. ಅದರಲ್ಲಿ ಜಾರ್ಜ್ ಹ್ಯಾರಿಸನ್ 'ಹಿಯರ್ ಕಮ್ಸ್ ದ ಸನ್' ಹಾಡುವಾಗ ಜೊತೆಗಿರೋದು ಇನ್ನೊಂದು ಅಕೂಸ್ಟಿಕ್ ಗಿಟಾರು. ಅದು ಪೀಟ್ ಹ್ಯಾಮ್.

ಆ ಕಾರ್ಯಕ್ರಮವೇ ಈ ಆಲ್ಬಮ್ಮಿಗೆ ಅಡ್ಡ ಬಂತು ಅನ್ನೋದು ತಮಾಷೆ. ಮೊದಲು ಜೆಫ್ ಎಮೆರಿಕ್ ರೆಕಾರ್ಡ್ ಮಾಡಿದ್ದನ್ನ ಕಂಪನಿ ಬೇಡ ಅಂತು. ಆಮೇಲೆ ಹ್ಯಾರಿಸನ್ ಕೈಗೆತ್ತಿಕೊಂಡು, ನಾಲ್ಕು ಹಾಡು ಮಾಡಿ, ಬಾಂಗ್ಲಾ ಕೆಲಸಕ್ಕೆ ಹೊರಟುಬಿಟ್ಟ. ಉಳಿದದ್ದನ್ನ ಮುಗಿಸಿದ್ದು ಟಾಡ್ ರಂಡ್‌ಗ್ರೆನ್. ಮೂರು ಅಡುಗೆಯವರು ಕೈಯಾಡಿಸಿದ ಸಾರು ಹೀಗೆ ರುಚಿ ಕಟ್ಟೋದು ಅಪರೂಪ.

'ಡೇ ಆಫ್ಟರ್ ಡೇ' ಹೆಡ್‌ಫೋನ್ ಹಾಕ್ಕೊಂಡೇ ಕೇಳಿ. ಹ್ಯಾರಿಸನ್ ಮತ್ತು ಪೀಟ್ ಇಬ್ಬರೂ ಸ್ಲೈಡ್ ಗಿಟಾರ್ ಹಿಡಿದಿದ್ದಾರೆ. ಸ್ವರದಿಂದ ಸ್ವರಕ್ಕೆ ಹಾರೋದಿಲ್ಲ, ಪಿಟೀಲಿನ ಜಾರು ಥರ ಇಳೀತಾರೆ, ಅದೂ ಒಟ್ಟೊಟ್ಟಿಗೆ. ಮಾವನ ಕ್ಯಾಸೆಟ್ಟಲ್ಲಿ ಎರಡೂ ಅಂಟಿಕೊಂಡು ಒಂದೇ ಗಿಟಾರ್ ಥರ ಕೇಳ್ತಿತ್ತು. ಇಲ್ಲಿ ಬಿಡಿಸಿಕೊಂಡು ಕೇಳುತ್ತೆ. ಹಿಂದೆ ಲಿಯಾನ್ ರಸೆಲ್‌ನ ಪಿಯಾನೋ. ದುಡ್ಡು ವಸೂಲಾಗೋಕೆ ಇದೊಂದು ಸಾಕು. 'ಪರ್ಫೆಕ್ಷನ್' ಮಾತ್ರ ನನಗೆ ಯಾವತ್ತೂ ಹಿಡಿಸಲಿಲ್ಲ, ದಾಟಿಸಿಬಿಡ್ತೀನಿ.

ಮೂಲದ ಹನ್ನೆರಡು ಹಾಡಿನ ಜೊತೆ ಎಮೆರಿಕ್ ಕಾಲದ ಕೆಲವನ್ನೂ ಸೇರಿಸಿದ್ದಾರೆ. ಅದರ 'ನೇಮ್ ಆಫ್ ದ ಗೇಮ್' ಕೇಳಿದಾಗ ಕಂಪನಿಯವರ ಕಿವಿಗೆ ಏನಾಗಿತ್ತು ಅನಿಸಿತು.

ಬುಕ್‌ಲೆಟ್ ಅಕ್ಷರ ಇರುವೆ ಸಾಲು. ಪಂಚಾಂಗ ನೋಡೋ ಭೂತಗನ್ನಡಿ ತಂದು ಓದಿದೆ. ಪೀಟ್‌ನ ಹುಟ್ಟಿದ ದಿನ 1947ರ ಏಪ್ರಿಲ್ 27. ಮ್ಯಾನೇಜರ್ ದುಡ್ಡೆಲ್ಲ ನುಂಗಿ ಕೈ ಬರಿದು ಮಾಡಿದ ಮೇಲೆ 1975ರಲ್ಲಿ ಅವನು ತಾನೇ ಜೀವ ಬಿಟ್ಟದ್ದು ಏಪ್ರಿಲ್ 24ಕ್ಕೆ. ಇಪ್ಪತ್ತೆಂಟು ತುಂಬೋಕೆ ಮೂರು ದಿನ ಬಾಕಿ. 1983ರಲ್ಲಿ ಟಾಮ್ ಕೂಡ ಅದೇ ದಾರಿ ಹಿಡಿದ. ಆಮೇಲೆ 'ವಿದೌಟ್ ಯೂ' ಹಾಕೋಕೆ ಮನಸ್ಸು ಬರಲಿಲ್ಲ.

ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಬುಕ್‌ಲೆಟ್ಟಿಗೆ. ಡಬ್ಬಿಗೆ ಸದ್ಯಕ್ಕೆ ಅಶ್ವತ್ಥ್ ಭಾವಗೀತೆ ಸಿಡಿಯದ್ದನ್ನ ಖಾಲಿ ಮಾಡಿ ಹಾಕಿದ್ದೀನಿ. ಅಶ್ವತ್ಥ್ ಈಗ ಮದುವೆ ಕಾಗದದ ಲಕೋಟೆಯಲ್ಲಿದ್ದಾರೆ. ನನ್ನ ಹೆಂಡತಿ ಇನ್ನೂ ನೋಡಿಲ್ಲ.